ಓದಿಗಾಗಿ, ದೇಶ ನೋಡಲಿಕ್ಕಾಗಿ ಸೇನೆ ಸೇರುವುದಾದರೆ: ಯಾವ ಬಾಗಿಲು ಯಾರಿಗೆ

ಪಿಯುಸಿ ಫಲಿತಾಂಶ ಬಂದ ಮೇಲೆ ಅನೇಕ ಮನೆಗಳಲ್ಲಿ ನಡೆಯುವ ಲೆಕ್ಕಾಚಾರ ಇದು. ಎಂಜಿನಿಯರಿಂಗ್ ಶುಲ್ಕ ಹೊಂದಿಸುವುದು ಕಷ್ಟ, ಬರೀ ಡಿಗ್ರಿ ಮಾಡಿದರೆ ಕೆಲಸ ಸಿಗುವ ನಂಬಿಕೆ ಇಲ್ಲ. ಮಿಲಿಟರಿಗೆ ಹೋದರೆ ಸಂಬಳ ಬರುತ್ತದೆ, ಓದು ಮುಂದುವರಿಯುತ್ತದೆ, ನಾಲ್ಕು ಊರು ನೋಡಿದಂತೆಯೂ ಆಗುತ್ತದೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಸೇನೆಗೆ ಹಲವು ಬಾಗಿಲುಗಳಿವೆ. ಒಂದೇ ಕಾಲೇಜಿನಲ್ಲಿ ಒಂದೇ ವರ್ಷ ಪಿಯುಸಿ ಮುಗಿಸಿದ ಇಬ್ಬರಲ್ಲಿ ಒಬ್ಬನಿಗೆ ಸರ್ಕಾರದ ಖರ್ಚಿನಲ್ಲೇ ಬಿ.ಟೆಕ್ ಆಗಿ ಲೆಫ್ಟಿನೆಂಟ್ ಹುದ್ದೆ ಸಿಗಬಹುದು. ಇನ್ನೊಬ್ಬ ನಾಲ್ಕು ವರ್ಷ ದುಡಿದು, ಹನ್ನೊಂದು ಚಿಲ್ಲರೆ ಲಕ್ಷ ರೂಪಾಯಿ ಹಿಡಿದು ಊರಿಗೆ ಬಂದು, ಡಿಗ್ರಿಯ ಯೋಚನೆಯನ್ನು ಆಗ ಶುರು ಮಾಡಬೇಕಾಗಬಹುದು. ಸೇರಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಯಾವ ಬಾಗಿಲು ಎಂಬುದರಲ್ಲೇ ಇದೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಓದಿನ ಫಲ ಯಾವಾಗ ಕೈಗೆ ಬರುತ್ತದೆ ಎಂಬುದು. ಕೆಲವು ದಾರಿಗಳಲ್ಲಿ ಪದವಿ ಮೊದಲು ಸಿಗುತ್ತದೆ, ಸೇವೆ ಆಮೇಲೆ. ಕೆಲವದರಲ್ಲಿ ಎರಡೂ ಜೊತೆಜೊತೆಗೆ ಸಾಗುತ್ತವೆ. ಮತ್ತೆ ಕೆಲವದರಲ್ಲಿ ಸೇವೆ ಮುಗಿದ ಮೇಲೆ ಓದಲು ದುಡ್ಡು ಸಿಗುತ್ತದೆ, ಓದು ನಿಮ್ಮ ಹೊಣೆ.

ಎರಡನೆಯದು ಕಟ್ಟುಪಾಡು. ಎಷ್ಟು ವರ್ಷ, ಮಧ್ಯೆ ಬಿಟ್ಟರೆ ಏನು ಕಳೆದುಕೊಳ್ಳುತ್ತೀರಿ. ಮೂರನೆಯದು, ಅವಧಿ ಮುಗಿದ ದಿನ ಕೈಯಲ್ಲಿ ಏನಿರುತ್ತದೆ: ಪದವಿಯೋ, ಗಂಟೋ, ಪಿಂಚಣಿಯೋ, ಮಾಜಿ ಸೈನಿಕ ಎಂಬ ಸ್ಥಾನಮಾನವೋ. ಮನೆಯವರು ಸಾಮಾನ್ಯವಾಗಿ ಮೊದಲ ತಿಂಗಳ ಸಂಬಳ ಕೇಳುತ್ತಾರೆ. ಅದಕ್ಕಿಂತ ಹತ್ತು ಪಟ್ಟು ಮುಖ್ಯವಾದದ್ದು ಕೊನೆಯ ದಿನದ ಈ ಲೆಕ್ಕ.

ಪ್ರಯಾಣದ ವಿಷಯದಲ್ಲಿ ಕೇಳಬೇಕಾದ್ದು, ಎಲ್ಲಿಗೆ ಎಂದು ಯಾರು ನಿರ್ಧರಿಸುತ್ತಾರೆ ಮತ್ತು ಅಲ್ಲಿಗೆ ಹೋದಾಗ ಊರು ನೋಡಲು ಬಿಡುವು ಇರುತ್ತದೆಯೇ ಎಂದು. ಇವುಗಳ ಜೊತೆಗೆ ದೇಹದ ಅರ್ಹತೆ ಮತ್ತು ಪರೀಕ್ಷೆಯ ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕೊನೆಯದು ಸಣ್ಣ ವಿಷಯವಲ್ಲ.

ಇವೆಲ್ಲಕ್ಕೂ ಮುಂಚೆ ಒಂದು ಮಾತು. ಇದು ಆಯುಧ ಹಿಡಿಯುವ ಕೆಲಸ. ಹೊಡೆಯುವುದು, ಹೊಡೆಸಿಕೊಳ್ಳುವುದು, ಹೇಳಿದ ಕಡೆ ಹೇಳಿದ ಗಳಿಗೆಯಲ್ಲಿ ಹೋಗುವುದು ಈ ಕೆಲಸದ ತಿರುಳು. ಅದಕ್ಕೆ ಮನಸ್ಸು ಒಪ್ಪದವರಿಗೆ ಎಷ್ಟು ಒಳ್ಳೆಯ ಪದವಿ ಸಿಕ್ಕರೂ ಸಾಲದು. ಅಂಥವರು ಕೆಳಗೆ ಸ್ಕಾಲರ್‌ಶಿಪ್ ಮತ್ತು ಸಾಲದ ಬಗ್ಗೆ ಇರುವ ಭಾಗಕ್ಕೆ ನೇರವಾಗಿ ಹೋಗಬಹುದು.

ಅಗ್ನಿವೀರ: ಮೊದಲು ದುಡ್ಡು, ಆಮೇಲೆ ಓದು

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾದಾಗಿನಿಂದ ಮೂರೂ ಪಡೆಗಳಲ್ಲಿ ಸಿಪಾಯಿ ಮಟ್ಟದ ಭರ್ತಿ ಬಹುಮಟ್ಟಿಗೆ ಇದರಲ್ಲೇ ನಡೆಯುತ್ತಿದೆ. ತರಬೇತಿಯೂ ಸೇರಿ ನಾಲ್ಕು ವರ್ಷದ ಸೇವೆ. ಹದಿನೇಳೂವರೆ ತುಂಬಿದವರು ಅರ್ಜಿ ಹಾಕಬಹುದು. ಮೇಲಿನ ವಯೋಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿ.

ಸಂಬಳ ಮೊದಲ ವರ್ಷ ತಿಂಗಳಿಗೆ 30,000, ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000 ರೂಪಾಯಿ. ಇದರಲ್ಲಿ ಶೇ 30ರಷ್ಟು ಸೇವಾ ನಿಧಿಗೆ ಕಡಿತವಾಗಿ ಕೈಗೆ ಬರುವುದು 21,000ದಿಂದ ಶುರುವಾಗಿ 28,000ಕ್ಕೆ ನಿಲ್ಲುತ್ತದೆ. ಕಡಿತವಾದ ಹಣ ನಾಲ್ಕು ವರ್ಷಕ್ಕೆ ಸುಮಾರು 5.02 ಲಕ್ಷ. ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಬಡ್ಡಿಯೂ ಕೂಡಿ ಬಿಡುಗಡೆಯ ಹೊತ್ತಿಗೆ ಸುಮಾರು 11.71 ಲಕ್ಷ ರೂಪಾಯಿ, ತೆರಿಗೆ ಇಲ್ಲದೆ, ಕೈಗೆ ಬರುತ್ತದೆ. ಊಟ, ವಸತಿ, ಸಮವಸ್ತ್ರಕ್ಕೆ ಖರ್ಚಿಲ್ಲ. ಕೈಗೆ ಬರುವ ಸಂಬಳದ ಒಟ್ಟು ಮೊತ್ತವೂ ನಾಲ್ಕು ವರ್ಷಕ್ಕೆ 11.7 ಲಕ್ಷದಷ್ಟೇ ಆಗುತ್ತದೆ. ಅದರಲ್ಲಿ ಅರ್ಧ ಉಳಿಸಿದರೆ ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿಗೆ 17 ಲಕ್ಷದ ಗಂಟು. ಸಂಬಳದಾರರ ಮನೆಯ ಹುಡುಗನಿಗೂ ಆ ವಯಸ್ಸಿಗೆ ಇಷ್ಟು ಹಣ ಇರುವುದಿಲ್ಲ.

ಇನ್ನು ಇದರ ಇನ್ನೊಂದು ಮುಖ. ನಾಲ್ಕು ವರ್ಷದ ನಂತರ ಶೇ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ, ಕನಿಷ್ಠ ಇನ್ನೂ 15 ವರ್ಷದ ಸೇವೆಗೆ. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ವರ್ಷಕ್ಕೆ ರಜೆ 30 ದಿನ. ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಸ್ವಂತ ಇಚ್ಛೆಯಿಂದ ಮಧ್ಯೆ ಬಿಡಲು ವಿಶೇಷ ಸಂದರ್ಭಗಳಲ್ಲಿ ಮಾತ್ರ ಅನುಮತಿ ಸಿಗುತ್ತದೆ. ಹಾಗೆ ಬಿಟ್ಟರೆ ನಿಮ್ಮ ಪಾಲಿನ ಕಡಿತ ಮತ್ತು ಅದರ ಬಡ್ಡಿ ಬರುತ್ತದೆ, ಸರ್ಕಾರದ ಪಾಲು ಬರುವುದಿಲ್ಲ. ಕಾಯಂ ಆದವರಿಗೂ ಸೇವಾ ನಿಧಿಯಲ್ಲಿ ತಮ್ಮ ಪಾಲಷ್ಟೇ. ಇದನ್ನು ತಿಳಿಯದೆ, ಕಾಯಂ ಆಗುವುದರ ಜೊತೆಗೆ 11 ಲಕ್ಷವೂ ಬರುತ್ತದೆ ಎಂದು ಮನೆ ಕಟ್ಟುವ ಯೋಜನೆ ಹಾಕುವವರಿದ್ದಾರೆ. ಸೇವೆಯಲ್ಲಿರುವವರೆಗೆ 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಕಂತು ಕಟ್ಟಬೇಕಿಲ್ಲ.

ಓದಿನ ಸೌಲಭ್ಯ ಎರಡು ಬಗೆಯದು. ಹತ್ತನೇ ತರಗತಿ ಮುಗಿಸಿ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 12ನೇ ತರಗತಿಯ ಪ್ರಮಾಣಪತ್ರ. ಪಿಯುಸಿ ಆದವರಿಗೆ ಇಗ್ನೋ ಮೂಲಕ ಮೂರು ವರ್ಷದ ಕೌಶಲ ಆಧಾರಿತ ಪದವಿ. ಇದರಲ್ಲಿ ಅರ್ಧ ಕ್ರೆಡಿಟ್ ಸೇನೆಯ ತರಬೇತಿಗೇ ಸಿಗುತ್ತದೆ, ಉಳಿದರ್ಧ ಪಾಠ ಓದಿ ಪರೀಕ್ಷೆ ಬರೆದು ಗಳಿಸಬೇಕು. ಪದವೀಧರ ಎಂಬ ಅರ್ಹತೆ ಕೇಳುವ ಕೆಲಸಗಳಿಗೆ ಅರ್ಜಿ ಹಾಕಲು ಇದು ದಾರಿ ಮಾಡಿಕೊಡುತ್ತದೆ. ಆದರೆ ಇದು ಎಂಜಿನಿಯರಿಂಗ್ ಅಲ್ಲ, ಬಿ.ಎಸ್ಸಿ ಭೌತಶಾಸ್ತ್ರವೂ ಅಲ್ಲ. ಮುಂದೆ ವಿಜ್ಞಾನದಲ್ಲಿ ಸ್ನಾತಕೋತ್ತರ ಓದುವ ಆಸೆಯಿದ್ದವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಓದಿಗೆ ಬಿಡುವು ಸಿಗುವುದೂ ಪೋಸ್ಟಿಂಗ್ ಮೇಲೆ ನಿಂತಿದೆ. ತರಬೇತಿಯ ತಿಂಗಳುಗಳಲ್ಲಿ ಪುಸ್ತಕ ತೆರೆಯಲು ಆಗುವುದಿಲ್ಲ, ಗಡಿಯ ಪೋಸ್ಟ್‌ನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನೋಂದಣಿ ಮಾಡಿಸಿ ಒಂದೂ ಪರೀಕ್ಷೆ ಬರೆಯದೆ ನಾಲ್ಕು ವರ್ಷ ಕಳೆದುಹೋಗುವ ಅಪಾಯ ಇಲ್ಲೇ ಇದೆ. ಯುನಿಟ್ ಸೇರಿದ ಮೊದಲ ತಿಂಗಳಲ್ಲೇ ಶಿಕ್ಷಣ ಹವಾಲ್ದಾರರನ್ನು ಕಂಡು ನೋಂದಣಿ, ಅಸೈನ್‌ಮೆಂಟ್, ಪರೀಕ್ಷಾ ಕೇಂದ್ರ ಮೂರನ್ನೂ ಗೊತ್ತು ಮಾಡಿಕೊಂಡವರಿಗೆ ಪದವಿ ಮುಗಿಸುವುದು ಸುಲಭ.

ಅರ್ಹತೆ ಹೀಗಿದೆ. ಭೂಸೇನೆಯ ಜನರಲ್ ಡ್ಯೂಟಿಗೆ (ಸಾಮಾನ್ಯ ಸಿಪಾಯಿ ಕೆಲಸ) ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33. ಕ್ಲರ್ಕ್ ವಿಭಾಗಕ್ಕೆ ಪಿಯುಸಿಯಲ್ಲಿ ಶೇ 60, ಪ್ರತಿ ವಿಷಯದಲ್ಲಿ ಶೇ 50. ಟೆಕ್ನಿಕಲ್‌ಗೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮತ್ತು ಇಂಗ್ಲಿಷ್‌ನೊಂದಿಗೆ ಒಟ್ಟು ಶೇ 50. ಜನರಲ್ ಡ್ಯೂಟಿಗೆ ನಮ್ಮ ರಾಜ್ಯದವರ ಕನಿಷ್ಠ ಎತ್ತರ 166 ಸೆಂ.ಮೀ., ಕ್ಲರ್ಕ್‌ಗೆ 162. ಆನ್‌ಲೈನ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು, ಇದು ದೊಡ್ಡ ಅನುಕೂಲ. ಆಮೇಲೆ ರ‍್ಯಾಲಿ: 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ 60 ಅಂಕ, ಹತ್ತು ಪುಲ್‌ಅಪ್‌ಗೆ 40 ಅಂಕ, ಜೊತೆಗೆ 9 ಅಡಿ ಹಳ್ಳ ಹಾರುವುದು ಮತ್ತು ಬ್ಯಾಲೆನ್ಸ್.

ರ‍್ಯಾಲಿಗೆ ಒಂದು ತಿಂಗಳು ಇರುವಾಗ ಡಾಂಬರು ರಸ್ತೆಯಲ್ಲಿ ಸವೆದ ಶೂ ಹಾಕಿಕೊಂಡು ದಿನಾ ಐದು ಕಿ.ಮೀ. ಓಡಲು ಶುರು ಮಾಡುವುದು ಸಾಮಾನ್ಯ ತಪ್ಪು. ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯಲ್ಲಿ ನೋವು ಬಂದು ಓಟವೇ ನಿಂತುಹೋಗುತ್ತದೆ. ನಾಲ್ಕೈದು ತಿಂಗಳು ಮುಂಚೆ, ಮಣ್ಣಿನ ಮೈದಾನದಲ್ಲಿ, ವಾರಕ್ಕೆ ನಾಲ್ಕು ದಿನ ನಿಧಾನದ ಓಟ, ಎರಡು ದಿನ 400 ಮೀಟರಿನ ವೇಗದ ಸುತ್ತುಗಳು, ಒಂದು ದಿನ ಪೂರ್ತಿ ವಿಶ್ರಾಂತಿ ಸಾಕು. ಹತ್ತು ಪುಲ್‌ಅಪ್ ಒಂದೇ ತಿಂಗಳಲ್ಲಿ ಬರುವುದಿಲ್ಲ.

ವಾಯುಪಡೆಯ ಅಗ್ನಿವೀರ ವಾಯುಗಳ ತರಬೇತಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲೇ ನಡೆಯುತ್ತದೆ. ನೌಕಾಪಡೆಯವರದು ಒಡಿಶಾದ ಚಿಲ್ಕಾದಲ್ಲಿ. ಭೂಸೇನೆಯ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಸೇರುವ ಯುವತಿಯರ ತರಬೇತಿ ಬೆಂಗಳೂರಿನಲ್ಲಿ. ತಾಂತ್ರಿಕ ಕೌಶಲ ಕಲಿಯುವುದೇ ಮುಖ್ಯವಾದರೆ ಜನರಲ್ ಡ್ಯೂಟಿಗಿಂತ ವಾಯುಪಡೆ, ನೌಕಾಪಡೆ ಅಥವಾ ಭೂಸೇನೆಯ ಟೆಕ್ನಿಕಲ್ ವಿಭಾಗಗಳು ಮೇಲು. ಹೊರಗೆ ಬಂದ ಮೇಲೆ ಎಲೆಕ್ಟ್ರಾನಿಕ್ಸ್, ಎಂಜಿನ್ ದುರಸ್ತಿ ಬಲ್ಲವನಿಗೆ ಇರುವ ಬೆಲೆ ಬರೀ ರೈಫಲ್ ಬಲ್ಲವನಿಗೆ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಶೇ 10 ಮೀಸಲಾತಿ ಮತ್ತು ವಯೋಮಿತಿ ಸಡಿಲಿಕೆಯನ್ನು 2022ರಲ್ಲೇ ಘೋಷಿಸಲಾಗಿದೆ. ಸಮವಸ್ತ್ರವೇ ಬೇಕೆನ್ನುವವರಿಗೆ ಅದೊಂದು ಎರಡನೇ ಅವಕಾಶ.

ಎನ್‌ಡಿಎ ಮತ್ತು ಬಿ.ಟೆಕ್ ಪ್ರವೇಶಗಳು: ಓದು ಮೊದಲೇ ಕೈಗೆ

ಓದೇ ಮುಖ್ಯ ಎನ್ನುವವರು ಮೊದಲು ತಟ್ಟಬೇಕಾದ ಬಾಗಿಲುಗಳು ಇವು. ಹಳ್ಳಿ, ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲಿ ಇವುಗಳ ಸುದ್ದಿ ತಲುಪುವಷ್ಟರಲ್ಲಿ ವಯಸ್ಸು ಮೀರಿರುತ್ತದೆ.

ಮೂರೂ ಪಡೆಗಳ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಪ್ರತಿ ಸಲ ಸುಮಾರು 400 ಸ್ಥಾನ. ಕೋರ್ಸ್ ಶುರುವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು. ಎರಡನೇ ಪಿಯುಸಿಯಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಭೂಸೇನೆಗೆ ಯಾವ ವಿಭಾಗದವರಾದರೂ ಸರಿ, ಕಲೆ, ವಾಣಿಜ್ಯ ಓದಿದವರಿಗೂ ಅವಕಾಶವಿದೆ. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಯುವತಿಯರಿಗೆ 2022ರಿಂದ ಬಾಗಿಲು ತೆರೆದಿದೆ. ಅವರ ಮೊದಲ ತಂಡ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂತು.

ಪುಣೆ ಬಳಿಯ ಖಡಕ್‌ವಾಸ್ಲಾದ ಅಕಾಡೆಮಿಯಲ್ಲಿ ಮೂರು ವರ್ಷ, ಆಮೇಲೆ ಡೆಹ್ರಾಡೂನ್, ಏಳಿಮಲ ಅಥವಾ ದುಂಡಿಗಲ್‌ನಲ್ಲಿ ಆಯಾ ಪಡೆಯ ತರಬೇತಿ. ಜೆಎನ್‌ಯು ಪದವಿ ಸಿಗುತ್ತದೆ: ಬಿ.ಎ., ಬಿ.ಎಸ್ಸಿ., ಕಂಪ್ಯೂಟರ್ ವಿಜ್ಞಾನ, ನೌಕಾಪಡೆ ಮತ್ತು ವಾಯುಪಡೆ ಕೆಡೆಟ್‌ಗಳಿಗೆ ಬಿ.ಟೆಕ್ ದಾರಿಯೂ ಇದೆ. ಓದು, ಊಟ, ವಸತಿ ಎಲ್ಲ ಸರ್ಕಾರದ್ದು. ಸೇರುವಾಗ ಕೈಖರ್ಚು, ಬಟ್ಟೆಬರೆಗೆಂದು ಪೋಷಕರು ಕಟ್ಟಬೇಕಾದ ಆರಂಭಿಕ ಮೊತ್ತವೊಂದಿದೆ. ಆಯ್ಕೆ ಪತ್ರದೊಂದಿಗೆ ಬರುವ ಸೂಚನೆಯಲ್ಲಿ ನೋಡಿ ಅದನ್ನು ಹೊಂದಿಸಿಟ್ಟುಕೊಳ್ಳಿ. ಲೆಫ್ಟಿನೆಂಟ್ ಆದಾಗ ಮೂಲ ವೇತನ 56,100, ಮಿಲಿಟರಿ ಸೇವಾ ವೇತನ 15,500, ಅದರ ಮೇಲೆ ತುಟ್ಟಿಭತ್ಯೆ ಮತ್ತಿತರ ಭತ್ಯೆಗಳು.

ಕಷ್ಟ ಎರಡು ಕಡೆ. ಲಿಖಿತ ಪರೀಕ್ಷೆ 900 ಅಂಕಕ್ಕೆ, ಗಣಿತ 300, ಸಾಮಾನ್ಯ ಸಾಮರ್ಥ್ಯ 600, ತಪ್ಪು ಉತ್ತರಕ್ಕೆ ಅಂಕ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆಮೇಲೆ ಎಸ್‌ಎಸ್‌ಬಿ (ಅಧಿಕಾರಿಗಳನ್ನು ಆರಿಸುವ ಮಂಡಳಿಯ ಪರೀಕ್ಷೆ), ಇನ್ನೂ 900 ಅಂಕ, ಐದು ದಿನ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ದೊಡ್ಡ ಪಾಲು ಮನೆಗೆ ಮರಳುತ್ತದೆ. ಚಿತ್ರ ನೋಡಿ ಕತೆ ಬರೆಯುವುದು, ಗುಂಪು ಚರ್ಚೆ, ಮೈದಾನದ ಕೆಲಸಗಳು, ಸಂದರ್ಶನ ಎಲ್ಲ ಇಂಗ್ಲಿಷ್‌ನಲ್ಲಿ ನಡೆಯುತ್ತವೆ. ವ್ಯಾಕರಣ ಅಲ್ಲಲ್ಲಿ ತಪ್ಪಿದರೂ ನಡೆಯುತ್ತದೆ, ಬಾಯಿ ಬಿಡದೆ ಕೂತರೆ ನಡೆಯುವುದಿಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿ ಮೊದಲ ಪಿಯುಸಿಯಿಂದಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆ ಗಟ್ಟಿಯಾಗಿ ಓದಿ, ಓದಿದ್ದನ್ನು ತನ್ನ ಮಾತಲ್ಲಿ ಹೇಳುವ ಅಭ್ಯಾಸ ಮಾಡಿದರೆ ಆ ಹೊತ್ತಿಗೆ ನಾಲಗೆ ತಿರುಗುತ್ತದೆ. ದುಬಾರಿ ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ ಉತ್ತರಗಳನ್ನು ಮನಶ್ಶಾಸ್ತ್ರಜ್ಞರು ಬೇಗ ಗುರುತಿಸುತ್ತಾರೆ, ಅದಕ್ಕೆ ಸಾಲ ಮಾಡಬೇಡಿ. ಭೂಸೇನೆಯ ಆಯ್ಕೆ ಕೇಂದ್ರ ಬೆಂಗಳೂರಿನಲ್ಲಿ, ವಾಯುಪಡೆಯದು ಮೈಸೂರಿನಲ್ಲಿ ಇದೆ. ಆದರೂ ಬೇರೆ ರಾಜ್ಯದ ಕೇಂದ್ರಕ್ಕೆ ಕರೆ ಬರಬಹುದು. ಒಂದು ಪ್ರವೇಶಕ್ಕೆ ಮೊದಲ ಸಲ ಹೋದಾಗ ರೈಲು ಟಿಕೆಟ್ ದುಡ್ಡು ವಾಪಸ್ ಕೊಡುತ್ತಾರೆ, ಟಿಕೆಟ್ ಬಿಸಾಡಬೇಡಿ.

ಎತ್ತರದ ವಿಷಯ ಅನೇಕರಿಗೆ ಗೊತ್ತಿಲ್ಲ. ಜನರಲ್ ಡ್ಯೂಟಿಗೆ 166 ಸೆಂ.ಮೀ. ಬೇಕು, ಎನ್‌ಡಿಎ ಮೂಲಕ ಭೂಸೇನೆಗೆ ಹುಡುಗರಿಗೆ 157 ಸಾಕು. ರ‍್ಯಾಲಿಯಲ್ಲಿ ಎತ್ತರ ಸಾಲದೆ ಹಿಂದಿರುಗಿದ ಹುಡುಗ ಅಧಿಕಾರಿಯಾಗಲು ಅರ್ಹನಾಗಿರಬಹುದು.

ಪಿಯುಸಿಯಲ್ಲಿ ಪಿಸಿಎಂಗೆ ಶೇ 60 ಮತ್ತು ಜೆಇಇ ಮೇನ್ ಬರೆದ ಹುಡುಗರಿಗೆ ಭೂಸೇನೆಯ 10+2 ತಾಂತ್ರಿಕ ಪ್ರವೇಶವಿದೆ. ಇದಕ್ಕೆ ಬೇರೆ ಲಿಖಿತ ಪರೀಕ್ಷೆ ಇಲ್ಲ, ಜೆಇಇ ಆಧಾರದ ಮೇಲೆ ನೇರ ಎಸ್‌ಎಸ್‌ಬಿ. ಪ್ರತಿ ಕೋರ್ಸಿಗೆ ಸುಮಾರು 90 ಸ್ಥಾನ. ಪುಣೆ, ಮ್ಹೋ, ಸಿಕಂದರಾಬಾದ್‌ನ ಸೇನಾ ತಾಂತ್ರಿಕ ಕಾಲೇಜುಗಳಲ್ಲಿ ಮೂರು ವರ್ಷ, ಡೆಹ್ರಾಡೂನ್‌ನಲ್ಲಿ ಒಂದು ವರ್ಷ, ಬಿ.ಟೆಕ್ ಪದವಿ. ನೌಕಾಪಡೆಯ ಬಿ.ಟೆಕ್ ಪ್ರವೇಶಕ್ಕೆ ಪಿಸಿಎಂನಲ್ಲಿ ಶೇ 70, ಇಂಗ್ಲಿಷ್‌ನಲ್ಲಿ ಶೇ 50 ಮತ್ತು ಜೆಇಇ ರ‍್ಯಾಂಕ್. ಓದು ಕೇರಳದ ಏಳಿಮಲದಲ್ಲಿ, ಮಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆ. ಸಿಇಟಿಗಷ್ಟೇ ಓದಿ ಜೆಇಇ ಮೇನ್ ಅರ್ಜಿ ಹಾಕದವರು ಈ ಎರಡನ್ನೂ ಅರಿವಿಲ್ಲದೆಯೇ ಕಳೆದುಕೊಳ್ಳುತ್ತಾರೆ. ಐಐಟಿ, ಎನ್‌ಐಟಿ ಸಿಗುವ ನಂಬಿಕೆ ಇಲ್ಲದಿದ್ದರೂ ಜೆಇಇ ಮೇನ್ ಬರೆಯಲು ಇದೊಂದೇ ಕಾರಣ ಸಾಕು.

ಕಟ್ಟುಪಾಡು ಮಾತ್ರ ಗಟ್ಟಿ. ಸ್ವಂತ ಇಚ್ಛೆಯಿಂದ ಅಕಾಡೆಮಿ ಬಿಟ್ಟರೆ ತರಬೇತಿ ವೆಚ್ಚ ವಸೂಲಿ ಮಾಡಬಹುದು. ಕಾಯಂ ಕಮಿಷನ್ (ಅಧಿಕಾರಿಯಾಗಿ ಕಾಯಂ ನೇಮಕ) ಎಂದರೆ ಪಿಂಚಣಿಗೆ 20 ವರ್ಷ, ಅದಕ್ಕೂ ಮುಂಚೆ ರಾಜೀನಾಮೆ ಒಪ್ಪಿಗೆಯಾಗುವುದು ಅಧಿಕಾರಿಯ ಕೈಯಲ್ಲಿಲ್ಲ. ಬಿ.ಟೆಕ್ ಮುಗಿಸಿ ಖಾಸಗಿ ಕಂಪನಿಗೆ ಹಾರುವ ಯೋಚನೆ ಇದ್ದವರು ಇಲ್ಲಿಗೆ ಬರಬಾರದು. ತರಬೇತಿಯಲ್ಲಿ ಗಾಯವಾಗಿ ಹೊರಬೀಳುವ ಕೆಡೆಟ್‌ಗಳ ಸಂಗತಿಯನ್ನೂ ಮನೆಯವರು ಎದುರಿಟ್ಟುಕೊಂಡು ಮಾತಾಡಬೇಕು. ಕಮಿಷನ್ ಸಿಗುವ ಮೊದಲೇ ಹಾಗಾದರೆ ಪೂರ್ಣ ಪಿಂಚಣಿ ಇರುವುದಿಲ್ಲ. ನಿಯಮದಂತೆ ಪರಿಹಾರ ಮೊತ್ತ ಸಿಗುತ್ತದೆ, ಅಧಿಕಾರಿಗೆ ಸಿಗುವಷ್ಟಲ್ಲ.

ಇನ್ನೊಂದು ಕಡೆ, ಓದಿನ ಬಾಗಿಲು ಒಳಗೆ ಹೋದ ಮೇಲೂ ತೆರೆದೇ ಇರುತ್ತದೆ. ಆಯ್ಕೆಯಾದ ಅಧಿಕಾರಿಗಳನ್ನು ಐಐಟಿಗಳಿಗೆ ಎಂ.ಟೆಕ್ ಮಾಡಲು ಸೇನೆಯೇ ಕಳಿಸುತ್ತದೆ, ಅಧ್ಯಯನ ರಜೆಯೂ ಇದೆ, ವೆಲ್ಲಿಂಗ್ಟನ್‌ನ ಸ್ಟಾಫ್ ಕಾಲೇಜು ಮುಗಿಸಿದವರಿಗೆ ಮದ್ರಾಸ್ ವಿಶ್ವವಿದ್ಯಾಲಯದ ಎಂ.ಎಸ್ಸಿ. ಸಿಗುತ್ತದೆ. ಹೀಗೆ ಓದಿದ್ದಕ್ಕೆ ಪ್ರತಿಯಾಗಿ ಇನ್ನಷ್ಟು ವರ್ಷದ ಸೇವೆ ಬರೆದುಕೊಡಬೇಕು. ಮಕ್ಕಳ ಕಾಲಕ್ಕೆ ಕರ್ನಾಟಕದ ಸಿಇಟಿಯಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆಂದು ವಿಶೇಷ ವರ್ಗದ ಸೀಟುಗಳೂ ಇವೆ.

ಪಿಸಿಬಿ ಓದಿದವರಿಗೆ

ನೀಟ್‌ನಲ್ಲಿ ಒಳ್ಳೆಯ ಅಂಕ ಬಂದರೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು. ಎಂಬಿಬಿಎಸ್ ಓದಿಗೆ ಶುಲ್ಕವಿಲ್ಲ, ಮುಗಿದ ಮೇಲೆ ಸೇನಾ ವೈದ್ಯರಾಗಿ ಸೇವೆ ಕಡ್ಡಾಯ, ತಪ್ಪಿಸಿಕೊಂಡರೆ ಬಾಂಡ್ ಮೊತ್ತ ಲಕ್ಷಗಳಲ್ಲಿ. ಖಾಸಗಿ ಕಾಲೇಜಿನ ಶುಲ್ಕಕ್ಕೆ ಹೋಲಿಸಿದರೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ, ಸೀಟು ಸಿಗುವುದೂ ಅಷ್ಟೇ ಕಷ್ಟ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಇದೆ, ಅದರ ಬಗ್ಗೆ ನಮ್ಮಲ್ಲಿ ಮಾತಾಡುವುದು ಕಡಿಮೆ: ಮಿಲಿಟರಿ ನರ್ಸಿಂಗ್ ಸೇವೆಯ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಆರು ಕಾಲೇಜುಗಳಲ್ಲಿ ಒಟ್ಟು 220 ಸೀಟು. ಅದರಲ್ಲೊಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ನೀಟ್ ಬರೆದಿರಬೇಕು, ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್‌ನಲ್ಲಿ ಮೊದಲ ಪ್ರಯತ್ನದಲ್ಲೇ ಒಟ್ಟು ಶೇ 50 ಬಂದಿರಬೇಕು. ಪೂರಕ ಪರೀಕ್ಷೆಯಲ್ಲಿ ಪಾಸಾದವರು ಇಲ್ಲೇ ಎಡವುತ್ತಾರೆ. ಓದು ಮುಗಿದ ಮೇಲೆ ಲೆಫ್ಟಿನೆಂಟ್ ದರ್ಜೆ. ಎಂಬಿಬಿಎಸ್‌ಗೆ ಸಾಲದ ನೀಟ್ ಅಂಕ ಇಟ್ಟುಕೊಂಡು, ಲಕ್ಷಾಂತರ ಕೊಟ್ಟು ಖಾಸಗಿ ನರ್ಸಿಂಗ್ ಕಾಲೇಜು ಸೇರುವ ಮೊದಲು ಇದಕ್ಕೆ ಅರ್ಜಿ ಹಾಕಲೇಬೇಕು.

ತಿರುಗಾಟದ ನಿಜ

ದೇಶ ನೋಡುವ ಆಸೆಗೆ ಸೇನೆ ಕೊಡುವುದು ಬೇರೆ ಯಾರೂ ಕೊಡಲಾರದ ಜಾಗಗಳು: ಲಡಾಖ್‌ನ ಎತ್ತರ, ಅರುಣಾಚಲದ ಗಡಿ, ಜೈಸಲ್ಮೇರ್ ಮರಳು, ಅಂಡಮಾನ್. ಆದರೆ ಅಲ್ಲಿಗೆ ಹೋಗುವುದು ಕರ್ತವ್ಯಕ್ಕೆ. ಗಡಿಯ ಪೋಸ್ಟ್‌ನಲ್ಲಿ ಎರಡು ವರ್ಷ ಇದ್ದೂ ಹತ್ತಿರದ ಪಟ್ಟಣವನ್ನು ಸರಿಯಾಗಿ ನೋಡದೆ ಬರುವುದುಂಟು. ಸ್ಥಳ ಬದಲಾವಣೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ. ಹಾಗಾಗಿ ನಾಲ್ಕು ವರ್ಷದ ಅಗ್ನಿವೀರ, ತರಬೇತಿ ಕಳೆದರೆ, ನೋಡುವುದು ಒಂದೆರಡು ಸ್ಥಳ. ಅದೇ 20 ವರ್ಷ ಸೇವೆ ಮಾಡಿದ ಅಧಿಕಾರಿ ಏಳೆಂಟು ಕಡೆ ಬದುಕಿರುತ್ತಾನೆ, ಶಾಂತಿ ಪ್ರದೇಶದಲ್ಲಿದ್ದಾಗ ಹೆಂಡತಿ ಮಕ್ಕಳನ್ನೂ ಕರೆದೊಯ್ದಿರುತ್ತಾನೆ. ವರ್ಷಕ್ಕೆ 60 ದಿನ ವಾರ್ಷಿಕ ರಜೆ ಮತ್ತು ಪ್ರಯಾಣ ರಿಯಾಯಿತಿ ಇರುವುದರಿಂದ ನಿಜವಾದ ಪ್ರವಾಸ ನಡೆಯುವುದು ಆ ರಜೆಯಲ್ಲಿ.

ವಿದೇಶದ ವಿಷಯದಲ್ಲಿ ನೌಕಾಪಡೆಗೆ ಸಾಟಿಯಿಲ್ಲ. ಯುದ್ಧನೌಕೆಗಳು ಬೇರೆ ದೇಶದ ಬಂದರುಗಳಿಗೆ ಸ್ನೇಹಭೇಟಿಗೆ ಹೋಗುತ್ತವೆ. ಅಲ್ಲಿ ಕೆಲವು ದಿನ ತಂಗುವಾಗ ಸರದಿಯಂತೆ ದಡಕ್ಕಿಳಿಯಲು ಬಿಡುತ್ತಾರೆ. ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿದೋಣಿಯಲ್ಲಿ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ಭೂಮಿಯನ್ನೇ ಸುತ್ತಿ ಬಂದರು. 2024-25ರಲ್ಲಿ ಇಬ್ಬರೇ ಮತ್ತೆ ಸುತ್ತಿದರು. ಆದರೆ ಕಾರವಾರದಲ್ಲೋ ವಿಶಾಖಪಟ್ಟಣದಲ್ಲೋ ದಡದ ನೆಲೆಗೆ ನಿಯೋಜನೆಯಾದ ನಾವಿಕನಿಗೆ ಇದಾವುದೂ ಇರುವುದಿಲ್ಲ, ಹಡಗೋ ದಡವೋ ಎಂಬ ಆಯ್ಕೆ ಅವನದಲ್ಲ. ಭೂಸೇನೆಯಲ್ಲಿ ದಕ್ಷಿಣ ಸುಡಾನ್, ಕಾಂಗೋಗಳಂಥ ಕಡೆ ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗುವ ಅವಕಾಶ ಅನುಭವಿ ಸೈನಿಕರಿಗೆ, ಅಧಿಕಾರಿಗಳಿಗೆ ಸಿಗುತ್ತದೆ. ನಾಲ್ಕು ವರ್ಷದ ಸೇವೆಯಲ್ಲಿ ಅದನ್ನು ಎಣಿಸಿಕೊಳ್ಳಬೇಡಿ. ಸ್ವಂತ ಖರ್ಚಿನಲ್ಲಿ ವಿದೇಶ ಪ್ರವಾಸ ಮಾಡಲೂ ಸೇವೆಯಲ್ಲಿದ್ದಾಗ ಮೇಲಿನವರ ಅನುಮತಿ ಬೇಕು.

ವಿದೇಶ ಪ್ರಯಾಣ ಮತ್ತು ಹಣವೇ ಗುರಿಯಾದರೆ ಮರ್ಚೆಂಟ್ ನೇವಿಯನ್ನು ಪಕ್ಕಕ್ಕಿಟ್ಟು ನೋಡಿ. ಅದು ಸೇನೆಯಲ್ಲ, ವಾಣಿಜ್ಯ ಹಡಗಿನ ಉದ್ಯೋಗ. ಪಿಸಿಎಂನಲ್ಲಿ ಶೇ 60, ಭಾರತೀಯ ಸಾಗರ ವಿಶ್ವವಿದ್ಯಾಲಯದ (ಐಎಂಯು) ಪ್ರವೇಶ ಪರೀಕ್ಷೆ, ಒಂದು ವರ್ಷದ ನಾಟಿಕಲ್ ಡಿಪ್ಲೊಮಾ, 18 ತಿಂಗಳು ಹಡಗಿನಲ್ಲಿ ಕೆಡೆಟ್ ಆಗಿ ಕೆಲಸ, ಆಮೇಲೆ ಅಧಿಕಾರಿಯಾಗುವ ಪರೀಕ್ಷೆ. ಶುಲ್ಕ ಹಲವು ಲಕ್ಷ, ಎಲ್ಲ ನಿಮ್ಮದೇ. ಓದು ಮುಗಿಸಿಯೂ ಕೆಡೆಟ್ ಆಗಿ ಹಡಗು ಸಿಗದೆ ಕಾಯುವವರು ಬಹಳ. ಕೋರ್ಸ್ ಸೇರುವ ಮುಂಚೆ ಹಡಗು ಕಂಪನಿಯ ಪ್ರಾಯೋಜಕತ್ವ ಬರಹದಲ್ಲಿ ಇದೆಯೇ ನೋಡಿ. ಮಧ್ಯವರ್ತಿಯ ಬಳಿ ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶನಾಲಯ (ಡಿಜಿ ಶಿಪ್ಪಿಂಗ್) ನೀಡಿದ ಆರ್‌ಪಿಎಸ್‌ಎಲ್ ನೇಮಕಾತಿ ಪರವಾನಗಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಶುಲ್ಕವೊಂದೇ ತೊಡಕಾದರೆ

ಮನೆಯಲ್ಲಿ ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಸೇನೆಯ ಯೋಚನೆ ಬಂದಿದ್ದರೆ ಮೊದಲು ಇವನ್ನು ನೋಡಿ ಮುಗಿಸಿ. ಸರ್ಕಾರಿ ಕಾಲೇಜಿನ ಸಿಇಟಿ ಸೀಟು, ಎಸ್‌ಎಸ್‌ಪಿ ಪೋರ್ಟಲ್‌ನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ, ಅಭಿವೃದ್ಧಿ ನಿಗಮಗಳ ಅರಿವು ಸಾಲ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3 ಬಡ್ಡಿ ಸಹಾಯಧನವೂ ಇದೆ. ಇವೆಲ್ಲ ಕೂಡಿ ಖರ್ಚು ತೂಗುವುದಾದರೆ, ಓದಿಗಾಗಿ ಮಾತ್ರ ಸೇನೆಗೆ ಹೋಗುವ ಅಗತ್ಯವಿಲ್ಲ. ಡಿಗ್ರಿ ಮುಗಿಸಿ ಇಪ್ಪತ್ತೊಂದರಲ್ಲಿ ಪದವೀಧರರಿಗಾಗಿ ನಡೆಯುವ ಸಿಡಿಎಸ್ ಪರೀಕ್ಷೆ, ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ, ಎಂಜಿನಿಯರ್‌ಗಳ ನೇರ ಪ್ರವೇಶದ ಮೂಲಕ ಅಧಿಕಾರಿಯಾಗುವ ದಾರಿಗಳು ಆಗಲೂ ತೆರೆದಿರುತ್ತವೆ. ಭೂಸೇನೆಯ ಶಾರ್ಟ್ ಸರ್ವಿಸ್‌ನಲ್ಲಿ (ಸೀಮಿತ ಅವಧಿಯ ಅಧಿಕಾರಿ ಸೇವೆ) 10 ವರ್ಷ, ಬೇಕಾದರೆ ಇನ್ನೂ ನಾಲ್ಕು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಮತ್ತು ಮಾಜಿ ಸೈನಿಕ ಸ್ಥಾನ ಇದೆ, ಮೂವತ್ತೈದರೊಳಗೆ ಎರಡನೇ ವೃತ್ತಿ ಶುರು ಮಾಡಬಹುದು.

ಎಲ್ಲಿ ಕೈ ತಪ್ಪುತ್ತದೆ

ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು. ಇನಿಷಿಯಲ್ ಮುಂದೆ ಬಂದಿದೆಯೋ ಹಿಂದೆಯೋ, ತಂದೆಯ ಹೆಸರಿನ ಜೊತೆ ಗೌಡ, ಪಾಟೀಲ ಸೇರಿದೆಯೋ ಬಿಟ್ಟಿದೆಯೋ. ಅರ್ಜಿ ಹಾಕುವ ಮೊದಲೇ ಆಧಾರ್ ಅನ್ನು ಮಾರ್ಕ್ಸ್ ಕಾರ್ಡ್‌ಗೆ ಹೊಂದಿಸಿಕೊಳ್ಳಿ. ರ‍್ಯಾಲಿ ಮೈದಾನದಲ್ಲಿ ತಿದ್ದಲು ಆಗುವುದಿಲ್ಲ. ವಾಸಸ್ಥಳ, ಜಾತಿ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಮೂರು ವಾರ ಮುಂಚೆ ಅರ್ಜಿ ಕೊಡಿ. ಅವಿವಾಹಿತ ಪ್ರಮಾಣಪತ್ರ, ನಡತೆ ಪ್ರಮಾಣಪತ್ರಗಳಿಗೆ ಎಷ್ಟು ತಿಂಗಳೊಳಗಿನದು ಬೇಕೆಂದು ಅಧಿಸೂಚನೆಯಲ್ಲಿರುತ್ತದೆ.

ಮೆಡಿಕಲ್. ಬಣ್ಣಗುರುಡು, ಚಪ್ಪಟೆ ಪಾದ, ಮೊಣಕಾಲು ತಾಗುವುದು, ಬೀಜದ ರಕ್ತನಾಳ ಊದಿಕೊಂಡಿರುವುದು, ಕಿವಿಯ ತೊಂದರೆ, ತೂಕ. ಕೊನೆಯ ಮೂರು ಮುಂಚೆಯೇ ಗೊತ್ತಾದರೆ ಚಿಕಿತ್ಸೆಯಿಂದ ಸರಿಹೋಗಬಹುದು. ಮೊದಲನೆಯದು ಸರಿಹೋಗುವುದಿಲ್ಲ, ಹಾಗಾಗಿ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಜಿಲ್ಲಾಸ್ಪತ್ರೆಯಲ್ಲಿ ಬಣ್ಣದ ಪರೀಕ್ಷೆ ಮಾಡಿಸಿ. ಹಚ್ಚೆ ಹಾಕಿಸಿಕೊಳ್ಳುವ ಮೊದಲು ಯಾವ ಭಾಗದಲ್ಲಿ ಒಪ್ಪುತ್ತಾರೆಂದು ನಿಯಮ ಓದಿ.

ದಲ್ಲಾಳಿಗಳು. ಸೇನೆಯ ಭರ್ತಿಗೆ ಅರ್ಜಿ ಶುಲ್ಕ ಬಿಟ್ಟರೆ ಯಾರಿಗೂ ಏನೂ ಕೊಡಬೇಕಿಲ್ಲ. 'ಒಳಗೆ ಗೊತ್ತಿರುವವರಿದ್ದಾರೆ' ಎಂದು ಮಾರ್ಕ್ಸ್ ಕಾರ್ಡ್ ಮೂಲಪ್ರತಿ ಇಟ್ಟುಕೊಂಡು ಲಕ್ಷ ಕೇಳುವವನು ಮೋಸಗಾರ. ಆಯ್ಕೆಯಾದರೆ ನಿಮ್ಮ ಓಟಕ್ಕೆ ಅವನು ದುಡ್ಡು ತೆಗೆದುಕೊಳ್ಳುತ್ತಾನೆ, ಆಗದಿದ್ದರೆ ಫೋನ್ ಎತ್ತುವುದಿಲ್ಲ.

ಯಾರಿಗೆ ಯಾವುದು

ಪಿಸಿಎಂ ಓದಿ ಶೇ 70ರ ಆಸುಪಾಸಿನಲ್ಲಿರುವವರು ಎನ್‌ಡಿಎ, ಜೆಇಇ ಮೇನ್, ಸಿಇಟಿ ಮೂರಕ್ಕೂ ಒಟ್ಟಿಗೆ ಕೂರಲಿ. ಸೇನೆಯ ಬಿ.ಟೆಕ್ ಸಿಗದಿದ್ದರೂ ವರ್ಷ ಹಾಳಾಗುವುದಿಲ್ಲ. ಕಲೆ, ವಾಣಿಜ್ಯದವರು ಎನ್‌ಡಿಎಗೆ ಗಣಿತ ಹೊಸದಾಗಿ ಕಲಿಯಬೇಕಾಗುತ್ತದೆ. ಆರು ತಿಂಗಳು ಅದಕ್ಕೇ ಮೀಸಲಿಡಲಾಗದಿದ್ದರೆ ಡಿಗ್ರಿ ಸೇರಿ ಮುಂದೆ ಸಿಡಿಎಸ್‌ನಲ್ಲಿ ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿಗೆ ಬರೆಯುವುದು ಮೇಲು, ಅದಕ್ಕೆ ಗಣಿತ ಪತ್ರಿಕೆಯೇ ಇಲ್ಲ. ಮನೆಗೆ ಈ ವರ್ಷವೇ ಸಂಪಾದನೆ ಬೇಕು, ಓದಿನಲ್ಲಿ ಅಂಥ ಆಸಕ್ತಿಯೂ ಇಲ್ಲ, ಮೈಕಟ್ಟು ಚೆನ್ನಾಗಿದೆ ಎನ್ನುವವರಿಗೆ ಅಗ್ನಿವೀರ ಸರಿಯಾದ ದಾರಿ. ಆದರೆ ಐದನೇ ವರ್ಷಕ್ಕೆ ಏನು ಎಂಬುದನ್ನು ಎರಡನೇ ವರ್ಷದಲ್ಲೇ ಗೊತ್ತು ಮಾಡಿಕೊಳ್ಳಲಿ, ಸೇವಾ ನಿಧಿ ಬರುವ ಮೊದಲೇ ಅದಕ್ಕೆ ಮನೆಯ ಸಾಲ ಕಟ್ಟಿಹಾಕದಿರಲಿ. ಅಕ್ಕತಂಗಿಯರ ಮದುವೆ, ಮನೆ, ಟ್ರ್ಯಾಕ್ಟರ್ ಎಂದು ಹಂಚಿಹೋದರೆ ಓದಿಗೆ ಬಂದ ಹಣ ಓದಿಗೆ ಉಳಿಯುವುದಿಲ್ಲ.

ಇನ್ನೂ ಮನಸ್ಸು ಗಟ್ಟಿಯಾಗದವರು ಡಿಗ್ರಿಗೆ ಸೇರಿ ಎನ್‌ಸಿಸಿ ತೆಗೆದುಕೊಳ್ಳಿ. ಕವಾಯತು, ಕ್ಯಾಂಪು, ಫೈರಿಂಗ್, ಬೇರೆ ರಾಜ್ಯಗಳ ಶಿಬಿರಗಳು ಹೆಚ್ಚು ಖರ್ಚಿಲ್ಲದೆ ಸಿಗುತ್ತವೆ. ಈ ಬದುಕು ತನಗೆ ಒಗ್ಗುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇ 50 ಬಂದರೆ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿಗೆ ಅರ್ಜಿ ಹಾಕಬಹುದು. 'ಸಿ' ಪರೀಕ್ಷೆ ಬರುವುದು ಮೂರನೇ ವರ್ಷದಲ್ಲಿ, ಹಾಗಾಗಿ ಡಿಗ್ರಿಯ ಮೊದಲ ವರ್ಷ ತರಗತಿ ಶುರುವಾದ ವಾರಗಳಲ್ಲೇ ಹೆಸರು ಕೊಡಬೇಕು. ಎರಡನೇ ವರ್ಷಕ್ಕೆ ಮುಂದೂಡಿದವರಿಗೆ ಆ ಪರೀಕ್ಷೆಗೆ ಕೂರುವಷ್ಟು ಅವಧಿ ಸಾಲದು.